ಓರ್ವಲ್‌ನ ‘ಒಲ್ಲೆ’ ಗುಂಡಿ

ಕೆನಡಾದ ವಿನಿಪೆಗ್ಗಿನ ಉತ್ತರ ಭಾಗದಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದ ಓರ್ವಲ್ ಡಿಕ್‌ಗೆ ಕಂಪ್ಯೂಟರಿನಲ್ಲಿ ಅನಿಮೇಷನ್ ಮಾಡುವುದನ್ನು ಕಲಿಸಿದವನು ನಾನು. ಕಲಿಸಿದೆ ಎನ್ನುವುದು ದೊಡ್ಡ ಮಾತು. ಸಮುದಾಯ ಕೇಂದ್ರದ ಸಂಜೆ ತರಗತಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ನಾನು ವಿದ್ಯಾರ್ಥಿಗಳಿಗಿಂತ ಒಂದು ಪಾಠ ಮುಂದಿರುತ್ತಿದ್ದೆ. ಕೆಲವು ವಾರ ಅದೂ ಇಲ್ಲ.

ಓರ್ವಲ್ ಅರವತ್ತು ದಾಟಿದ ಬ್ರಹ್ಮಚಾರಿ. ಕೊರೆಯುವ ಜನವರಿಯಲ್ಲೂ ಚಡ್ಡಿ ತೊಟ್ಟು ಬಸ್ಸು ಓಡಿಸುವ ಆಸಾಮಿ. ಜನ ಬಿಟ್ಟುಹೋದ ಒಂಟಿ ಕೈಗವಸುಗಳನ್ನು ಕನ್ನಡಿಯ ಬಳಿ ದಾರಕ್ಕೆ ನೇತುಹಾಕಿ, ಹತ್ತಿದವರನ್ನೆಲ್ಲ “ನಿಂದೇನಾ ನೋಡು” ಎಂದು ತಡೆಯುತ್ತಿದ್ದ. ಇಂಥವನಿಗೆ ಲೇಸಿಯಾ ಹ್ನಾಟ್ಯುಕ್‌ಳನ್ನು ಮದುವೆಯಾಗಬೇಕಿತ್ತು. ಅವಳು ವಿಧವೆ, ಅವನ ಬಸ್ಸಿನ ಖಾಯಂ ಗಿರಾಕಿ, ಉಕ್ರೇನಿಯನ್ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಪೆರೋಗಿ ಎಂಬ ಆಲೂಗಡ್ಡೆ ಕಡುಬಿನ ಊಟಕ್ಕೆ ಹಿಟ್ಟು ಲಟ್ಟಿಸುವವರ ಯಜಮಾನಿ. ಕೇಳಲೆಂದು ಬಾಯಿ ತೆರೆದಾಗಲೆಲ್ಲ ಓರ್ವಲ್ ಹವಾಮಾನ ವರದಿ ಒಪ್ಪಿಸಿ ಬರುತ್ತಿದ್ದ.

“ಕಂಪ್ಯೂಟರೇ ಕೇಳ್ಲಿ ತಮ್ಮಾ,” ಅಂದ ನನಗೆ. “ಅದಕ್ಕೆ ನಾಲಿಗೆ ಒಣಗಲ್ಲ.”

ಪುಟ್ಟ ಚೌಕಗಳ ಉದ್ದನೆಯ ಸಾಲು, ಒಂದೊಂದರಲ್ಲೂ ಒಂದು ಚಿತ್ರ, ಅವುಗಳ ಮೇಲೆ ಓಡುವ ಒಂದು ಕೆಂಪು ಗೆರೆ: ಟೈಮ್‌ಲೈನ್ ಎಂದರೆ ಇಷ್ಟೇ. ಓರ್ವಲ್ ನೋಡಿದವನೇ, “ಇದು ನನ್ ರೂಟೇ ಕಣೋ. ಗೆರೆ ಬಸ್ಸು, ಚೌಕ ಸ್ಟಾಪು,” ಅಂದ. ಆ ಹೋಲಿಕೆ ನನ್ನದೇ ಎಂಬಂತೆ ಇಂದಿಗೂ ಪಾಠ ಮಾಡುತ್ತಿದ್ದೇನೆ.

ಚಿತ್ರ ಸಿದ್ಧವಾಯಿತು. ಬಸ್ಸು ಬರುತ್ತದೆ, ಪುಟಾಣಿ ಓರ್ವಲ್ ಇಳಿದು ಮಂಡಿಯೂರಿ “ನನ್ನ ಮದುವೆ ಆಗ್ತೀಯಾ?” ಎನ್ನುತ್ತಾನೆ. ಕೆಳಗೆ ಎರಡು ಗುಂಡಿ. ‘ಹೂಂ’ ಒತ್ತಿದರೆ ಬಾಣಬಿರುಸು, ಕುಣಿಯುವ ಪೆರೋಗಿಗಳು. ‘ಒಲ್ಲೆ’ ಒತ್ತಲು ಹೋದರೆ ಗುಂಡಿಯೇ ಆಚೆ ಜಿಗಿಯುತ್ತದೆ. ಆ ಜಾಣತನ ನನ್ನದು.

ಶುಕ್ರವಾರ ಚರ್ಚಿನ ನೆಲಮಾಳಿಗೆಯ ಗೋಡೆಗೆ ಪ್ರೊಜೆಕ್ಟರಿನಲ್ಲಿ ಚಿತ್ರ ಬಿಟ್ಟೆವು. ಕೆಂಪು ಗೆರೆ ಉತ್ತರಕ್ಕೆ ಕಾಯಲೆಂದು ಪ್ರಶ್ನೆಯ ಚೌಕದಲ್ಲಿ ‘ನಿಲ್ಲು’ ಎಂದು ಬರೆಯುವುದನ್ನು ನಾವಿಬ್ಬರೂ ಮರೆತಿದ್ದೆವು. ಪ್ರಶ್ನೆ ಮಿಂಚಿ ಮಾಯವಾಯಿತು, ಯಾರೂ ಏನೂ ಒತ್ತದೆಯೇ ಬಾಣಬಿರುಸು ಹಾರಿತು, ಪೆರೋಗಿಗಳು ಕುಣಿದವು, ಮತ್ತೆ ಬಸ್ಸು ಬಂತು. ಓರ್ವಲ್‌ನ ಮದುವೆ ಗೋಡೆಯ ಮೇಲೆ ಮೇಲಿಂದ ಮೇಲೆ ನಿಶ್ಚಯವಾಗತೊಡಗಿತು. ಊಟಕ್ಕೆ ಕೂತವರು ಪೆರೋಗಿಗೆ ಹಚ್ಚಿದ ಹುಳಿಕೆನೆ ನೆತ್ತಿಗೇರಿಸಿಕೊಂಡು ನಕ್ಕರು.

ಲೇಸಿಯಾ ಹಿಟ್ಟಿನ ಕೈ ಸೊಂಟಕ್ಕಿಟ್ಟಳು. “ಕೇಳೋನೂ ನೀನೇ, ಹೂಂ ಅನ್ನೋನೂ ನೀನೇ. ನಾನ್ಯಾಕೆ ಬೇಕು, ಸಾಕ್ಷಿಗಾ?”

ನಾನು ಎದ್ದುಬಿದ್ದು ‘ನಿಲ್ಲು’ ಸೇರಿಸಿದೆ. ಅವಳು ಮೌಸು ಹಿಡಿದು ನೇರ ‘ಒಲ್ಲೆ’ಗೆ ಹೋದಳು. ಅದು ಜಿಗಿಯಿತು. ಇವಳು ಅಟ್ಟಿದಳು.

“ಮೂಲೆಗೆ ಒತ್ತರಿಸೇ,” ಹಿಟ್ಟಿನ ಮೇಜಿನಿಂದ ಗೆಳತಿ ಓಲ್ಹಾ ಕೂಗಿದಳು. “ಲಟ್ಟಣಿಗೆ ಕೊಡ್ಲಾ?”

ಲೇಸಿಯಾ ಮಾತ್ರ ನಗಲಿಲ್ಲ. “ಇದನ್ನ ಕಟ್ಟಿಹಾಕು ಓರ್ವಲ್. ಒಲ್ಲೆ ಅನ್ನೋಕೆ ಬಿಡದೋನಿಗೆ ನಾನು ಹೂಂ ಅನ್ನಲ್ಲ.”

ಓರ್ವಲ್ ಬರಿಮೊಣಕಾಲಿನವರೆಗೂ ಕೆಂಪಾದ. “ಅದು ಈ ಹುಡುಗನ ಐಡಿಯಾ.”

“ತಲೆ ಆಡಿಸಿದ್ದು ನೀನು ತಾನೆ?”

ಗುಂಡಿಯನ್ನು ಕಟ್ಟಿಹಾಕಿದೆವು. ಆದರೆ ಅದನ್ನು ಒತ್ತಿದರೆ ಆಚೆಗೆ ಏನೂ ಇರಲಿಲ್ಲ, ಬರೀ ಖಾಲಿ ಚೌಕ.

“ಒಲ್ಲೆ ಅಂದ್ರೆ ಏನಾಗತ್ತೆ ಅಂತ ಯೋಚ್ನೇನೇ ಮಾಡಿಲ್ಲ ಪುಣ್ಯಾತ್ಮ,” ಎಂದಳು ಲೇಸಿಯಾ. “ಕೂತು ಬರಿ. ಅಷ್ಟ್ರಲ್ಲಿ ಒಂದು ಹಂಡೆ ಬೇಯಿಸ್ಕೊಂಡ್ ಬರ್ತೀನಿ.”

ಹೀಗೆ ಓರ್ವಲ್ ಊರೆಲ್ಲ ಉಣ್ಣುತ್ತಿರುವಾಗ ತನಗೆ ಸಿಗಬಹುದಾದ ನಿರಾಕರಣೆಯನ್ನು ತಾನೇ ಚೌಕ ಚೌಕವಾಗಿ ಬಿಡಿಸಿದ. ಹಿಂದೆ ನಿಂತವರು “ಬೊಂಬೆ ಕಣ್ಣಲ್ಲಿ ನೀರು ಹಾಕೋ”, “ಮೀಸೆ ಇಳಿಸು” ಎಂದು ಸಲಹೆ ಕೊಟ್ಟರು. ಅವನು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲೇಸಿಯಾ ಬಂದು ‘ಒಲ್ಲೆ’ ಒತ್ತಿಯೇಬಿಟ್ಟಳು. ಓರ್ವಲ್ ನನ್ನ ತೋಳು ಹಿಂಡಿದ.

ಗೋಡೆಯ ಮೇಲೆ ಹಿಮ ಬಿತ್ತು. ಅವಳ ಸ್ಟಾಪಿಗೆ ಬಸ್ಸು ಬಂತು, ಬಾಗಿಲು ತೆರೆಯಿತು, ಮೊಣಕಾಲು ನೋವಿನವರು ಹತ್ತಲೆಂದು ಅಲ್ಲಿನ ಸಿಟಿ ಬಸ್ಸುಗಳ ಹಾಗೆ ಅದರ ಮುಂಬದಿ ನೆಲದತ್ತ ಬಗ್ಗಿತು. ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದು, ಎದ್ದು, ಹೊರಟುಹೋಯಿತು.

“ಯಾರೂ ಇಲ್ದಾಗ ಯಾಕೋ ಬಗ್ಗಿಸ್ತೀಯಾ?” ಲೇಸಿಯಾ ಕೇಳಿದಳು.

“ಎಲ್ಲಾದ್ರೂ ನೀನು ಓಡೋಡಿ ಬರ್ತಿದ್ರೆ ಅಂತ.”

“ಈ ಮೊಣಕಾಲಲ್ಲಿ ಓಡ್ತೀನಾ ಪೆದ್ದ? ನೀನು ಹಿಂಗೆ ಕಾಯ್ತಾ ಕೂತ್ರೆ ಮುಂದಿನ ಸ್ಟಾಪಿನೋರು ಹೆಪ್ಪುಗಟ್ಟಿ ಸಾಯ್ತಾರೆ.” ಅವಳು ನನ್ನತ್ತ ತಿರುಗಿದಳು. “ಏಯ್ ಹುಡುಗ, ಪ್ರಶ್ನೆ ಇರೋ ಜಾಗಕ್ಕೆ ವಾಪಸ್ ಎಳಿ.”

ಕೆಂಪು ಗೆರೆಯನ್ನು ಎಳೆದು ನಿಲ್ಲಿಸಿದೆ. ಅವಳು ‘ಹೂಂ’ ಒತ್ತಿ, ಬಾಣಬಿರುಸಿನ ಕಡೆ ನೋಡದೆಯೇ, ಬಾಯಿ ಕಳೆದು ನಿಂತಿದ್ದ ಓರ್ವಲ್‌ನ ಕೈಗೆ ಲಟ್ಟಣಿಗೆ ತುರುಕಿದಳು. “ಬಾಯಿ ಮುಚ್ಚು, ಹಿಟ್ಟು ಇನ್ನೂ ಅರ್ಧ ಇದೆ.”