ಆನೆ ಕೂತರೂ ಬಗ್ಗದ ಬಳೆ

ಮಸೂತಿ ಎಂಬ ಊರಿನ ಲಕ್ಕವ್ವ ಚಿಕ್ಕಂದಿನಲ್ಲೇ ಸರ್ಕಸ್ಸು ಸೇರಿದವಳು. ಎತ್ತರಕ್ಕೆ ಹಗ್ಗದಿಂದ ತೂಗುಬಿಟ್ಟ ಕಬ್ಬಿಣದ ಬಳೆಯಲ್ಲಿ ಕೂತು ಗಿರಗಿರ ತಿರುಗುವುದು ಅವಳ ಆಟ. ೧೯೯೬ರಲ್ಲಿ, ತಾಳಿಕೋಟೆಯಲ್ಲಿ ಡೇರೆ ಹಾಕಿದಾಗ, ಆ ಬಳೆ ಬಿರುಕುಬಿಟ್ಟಿತು. ಮಾಲೀಕ ಗುರಲಿಂಗಪ್ಪ ಬಂಡಿ ಗಾಲಿಗೆ ಪಟ್ಟಿ ಹಾಕುವ ಕಮ್ಮಾರನಿಂದ ಹೊಸದು ಮಾಡಿಸಿ ತಂದ. ಹಳೆಯದು ಹಗುರವಾದ ಪೈಪಿನದು. ಇದೋ ಗಾಲಿ ಪಟ್ಟಿಯದೇ, ಮಣಭಾರ.

“ಗಟ್ಟಿ ಐತಿ. ಆನಿ ಕುಂತ್ರೂ ಬಗ್ಗಂಗಿಲ್ಲ,” ಎಂದ ಗುರಲಿಂಗಪ್ಪ.

“ಬಳಿ ಬಗ್ಗಂಗಿಲ್ರಿ. ಹಗ್ಗ ತಡೀತೈತೇನು?”

“ಮಂದಿ ಬಂದು ಕುಂತಾರ, ಏರು!”

ಮಂದಿ ಶಿಳ್ಳೆ ಹಾಕತೊಡಗಿದರು. ಲಕ್ಕವ್ವ ಏರಲಿಲ್ಲ. ತನ್ನಷ್ಟೇ ತೂಕದ ಜೋಳದ ಚೀಲವನ್ನು ಬಳೆಗೆ ಬಿಗಿದು, ಮೇಲೆಳೆಸಿ, ಜೋರಾಗಿ ತಿರುಗಿಸಿದಳು. ಹಗ್ಗ ಕಿರುಗುಟ್ಟಿತು. ಕಂಬ ಅಲುಗಿತು. ಶಿಳ್ಳೆ ನಿಂತಿತು. ಫಟ್ಟನೆ ಹಗ್ಗ ಹರಿಯಿತು.

ಚೀಲ ಒಡೆದು ಜೋಳ ಗುರಲಿಂಗಪ್ಪನ ಕಾಲವರೆಗೂ ಚೆಲ್ಲಿತು.

ಲಕ್ಕವ್ವ ಬಿದ್ದ ಬಳೆಯನ್ನು ಮುಟ್ಟಿ ನೋಡಿದಳು. “ಖರೇನ ಗಟ್ಟಿ ಐತ್ರಿ,” ಎಂದಳು. “ಒಂಚೂರೂ ಬಗ್ಗಿಲ್ಲ.”