ಕೊನೇ ಲಾಂಚಿನವಳು

ಪಿಯುಸಿ ನಡುವಿನ ಬೇಸಿಗೆಯಲ್ಲಿ ದೊಡ್ಡ ವಿಶ್ವವಿದ್ಯಾಲಯವೊಂದರ ಶಿಬಿರಕ್ಕೆ ಆಯ್ಕೆಯಾಗಿದ್ದೆ. ತೀರ್ಥಹಳ್ಳಿಯ ನನಗೆ ಸಿಕ್ಕ ರೂಮ್‌ಮೇಟ್ ಬ್ಯಾಕೋಡಿನವಳು. ದಿನಾ ಜನರನ್ನು ಸಾಗಿಸುವ ಲಾಂಚಿನಲ್ಲಿ ಹಿನ್ನೀರು ದಾಟಿ ಸಾಗರದ ಕಾಲೇಜಿಗೆ ಓಡಾಡಿದವಳು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆ ರಾತ್ರಿ ಮನೆ ಸೇರುವಂತಿರಲಿಲ್ಲ. ಅದಕ್ಕೇ ಇಲ್ಲಿಯೂ ಐದಾಗುತ್ತಲೇ, ಪಾಠ ನಡೆಯುತ್ತಿದ್ದರೂ, ಪುಸ್ತಕಗಳನ್ನು ಚೀಲಕ್ಕೆ ತುರುಕಿ ಬೆಂಚಿನ ತುದಿಗೆ ಸರಿಯುತ್ತಿದ್ದಳು. "ಹೊತ್ತಾತು ಮಾರಾಯ್ತಿ" ಅನ್ನುತ್ತಿದ್ದಳು. ನನಗೆ ರೇಗುತ್ತಿತ್ತು. ಹೊಳೆಯೇ ಇಲ್ಲದ ಊರಲ್ಲಿ ಲಾಂಚ್ ಎಲ್ಲಿಂದ ಬರಬೇಕು?

ಶಿಬಿರದ ಕೊನೇ ದಿನ ಸಂಜೆ, ಮುಂದೆ ಅಲ್ಲೇ ಡಿಗ್ರಿ ಓದುವ ಸೀಟಿಗಾಗಿ ಸಂದರ್ಶನ. ಅವಳ ಹೆಸರು ಕರೆದಾಗ ಅವಳೇ ಇಲ್ಲ. ಓಡಿಹೋಗಿ ನೋಡಿದರೆ ಗೇಟಿನ ಹೊರಗೆ, ಹೆಗಲಿಗೆ ಚೀಲ ಹಾಕಿಕೊಂಡು, ಟ್ರಾಫಿಕ್ ನೋಡುತ್ತ ನಿಂತಿದ್ದಳು.

"ಎಲ್ಲಿಗೆ ಹೊರಟ್ಯೇ?"

"ಗೊತ್ತಿಲ್ವೇ. ಕಾಲು ಹೊರಟ್ವು."

ಕೈಹಿಡಿದು ಎಳೆದುಕೊಂಡು ಬಂದೆ. ಚೀಲ ಇಳಿಸದೆಯೇ ಎಲ್ಲದಕ್ಕೂ ಉತ್ತರ ಹೇಳಿದಳು. ಸೀಟೂ ಸಿಕ್ಕಿತು.

ಹಿನ್ನೀರಿಗೆ ಸೇತುವೆ ಆಯಿತೆಂದು ಗೊತ್ತಾದ ದಿನ ಅವಳಿಗೆ ಫೋನ್ ಮಾಡಿದೆ. "ಇನ್ನಾದ್ರೂ ಆರಾಮಾಗಿ ಕೂತ್ಕೊಳ್ಳೇ, ಲಾಂಚಿಗೆ ಓಡೋದು ತಪ್ತು."

ನಕ್ಕಳು. ನಗುವಿನ ಹಿಂದೆ ಚೀಲದ ಜಿಪ್ ಎಳೆದ ಸದ್ದು ಕೇಳಿಸಿತು. ಗಡಿಯಾರ ನೋಡಿದೆ. ಐದಾಗಿತ್ತು.