ಬೆಳ್ಳಿಯ ತೂಕ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಚ್ಚಲೊಲೆಗೆ ಹತ್ತಿಕಟ್ಟಿಗೆ ಇಟ್ಟು, ನೀರು ಕಾಯುವಷ್ಟರಲ್ಲಿ ನಾಲ್ಕು ರೊಟ್ಟಿ ಬಡಿದೆ. ಮಗಳನ್ನು ಎಬ್ಬಿಸಿ ಎರೆದೆ. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಚೂರು ಬೆಲ್ಲ ಹಾಕಿ ತಿನ್ನಿಸಲು ಕುಳಿತೆ. ಮೂರನೆಯ ತುತ್ತಿಗೆ ಬಾಯಿ ಮುಚ್ಚಿದಳು. ಎರಡನೆಯದು ಇನ್ನೂ ಎಡಗೆನ್ನೆಯಲ್ಲೇ ಇತ್ತು. ನುಂಗು ಎಂದರೆ ಸುಮ್ಮನೆ ನನ್ನ ಮುಖ ನೋಡುವಳು, ಹಟವಿಲ್ಲ, ಅಳುವಿಲ್ಲ. ಅವಳಿಗೆ ನಾಲ್ಕು ವರ್ಷ ತುಂಬಲು ಇನ್ನೆರಡು ತಿಂಗಳಿತ್ತು.

"ಒಲ್ಲೆ ಅಂದ್ರ ಬಿಡವಾ, ಹಸದ್ರ ತಾನ ಕೇಳತೈತಿ," ಎಂದರು ಅತ್ತೆ ಪಡಸಾಲೆಯಿಂದ. "ನಿನ್ನ ಗಂಡನೂ ಹಿಂಗ ಇದ್ದ. ಈಗ ನೋಡು, ಬಾಗಲದಾಗ ಅಡ್ಡ ಆಗಿ ಬರತಾನ."

ನಗು ಬಂತು. ಕೆನ್ನೆಯೊಳಗಿನ ತುತ್ತನ್ನು ಬೆರಳಿನಿಂದ ತೆಗೆದು, ಅವಳ ಬಾಯಿ ಒರೆಸಿದೆ.

ಅವತ್ತು ಅಂಗನವಾಡಿಯಲ್ಲಿ ತೂಕದ ದಿನ. ಅವಳ ಬೆಳವಣಿಗೆಯ ಕಾರ್ಡನ್ನು ನಾನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮೂಲೆ ಮಡಚದಂತೆ ಕಾಯ್ದಿದ್ದೆ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಮಾರ್ಕ್ಸ್ ಕಾರ್ಡಿನ ಅಭ್ಯಾಸ ಹೋಗಿರಲಿಲ್ಲ. ತಿಂಗಳಿಗೊಂದು ತೂಕದ ಚುಕ್ಕೆ, ಎಲ್ಲವೂ ಸರಿಯಾದ ತೂಕದ ಹಸಿರು ಪಟ್ಟಿಯೊಳಗೆ. ಇತ್ತೀಚಿನವು ಹಸಿರಿನ ಅಂಚಿಗೆ ಬಂದಿದ್ದವು, ಆದರೂ ಹಸಿರೇ.

ಅವಳ ಕಾಲಲ್ಲಿ ತಿರುಪಿನ ಬೆಳ್ಳಿ ಕಡಗಗಳಿದ್ದವು, ನಡುವಿನಲ್ಲಿ ದಪ್ಪ ಬೆಳ್ಳಿಯ ಉಡದಾರ. ಅವಳಿಗಿಂತ ಮುಂಚೆ ಹುಟ್ಟಿದ ನನ್ನ ಮೊದಲ ಕೂಸು ಹನ್ನೊಂದು ತಿಂಗಳಿಗೆ ತೀರಿಕೊಂಡಿತ್ತು. ಇವಳು ಹುಟ್ಟಿದಾಗ ಅತ್ತೆ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತರು: ಐದು ತುಂಬುವವರೆಗೆ ಮೈಮೇಲಿನ ಬೆಳ್ಳಿ ಇಳಿಸುವುದಿಲ್ಲ, ತುಂಬಿದ ಮೇಲೆ ಅಲ್ಲಿಗೇ ಒಪ್ಪಿಸುತ್ತೇವೆ. ಎರೆಯುವಾಗಲೂ ಇಳಿಸುತ್ತಿರಲಿಲ್ಲ. ಹಳೆಯ ಟೀಚರು ನಮ್ಮ ಓಣಿಯವರೇ. "ಇರ್ಲಿ ಬಿಡ್ರಿ, ದೇವರದು," ಎಂದು ಹಾಗೆಯೇ ತೂಗುತ್ತಿದ್ದರು.

ಆ ತಿಂಗಳು ಹೊಸ ಟೀಚರು ಬಂದಿದ್ದರು, ಕುಬಿಹಾಳದ ಕಡೆಯವರು. ನಾನು ಮಗಳನ್ನು ತೂಕದ ಜೋಳಿಗೆಯಲ್ಲಿ ಕೂರಿಸುವಾಗ ತಡೆದರು.

"ಇವನ್ನೆಲ್ಲಾ ತಗೀರಿ ಅಕ್ಕಾರ."

"ಹರಕೀದ್ರಿ. ತಗಿಯಂಗಿಲ್ಲ."

"ನಾ ದೇವರನ್ನ ತೂಗಾಕ ಬಂದಿಲ್ರಿ, ಕೂಸಿನ್ನ ತೂಗಾಕ ಬಂದೀನಿ. ಎರಡ ನಿಮಿಷ. ಆಮ್ಯಾಲ ನೀವ ಹಾಕ್ಕೋರಿ."

ಸಾಲಿನಲ್ಲಿದ್ದ ತಾಯಂದಿರು ಕಿಸಕ್ಕೆಂದರು. ನಾನು ನೆಲಕ್ಕೆ ಕುಳಿತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಸಾಬೂನು ಕಟ್ಟಿಕೊಂಡ ತಿರುಪು ತಿರುಗಲೇ ಇಲ್ಲ. ಇನ್ನೊಮ್ಮೆ ಹಿಡಿದು ಎಳೆದೆ. ತಿರುಪು ಬಿಚ್ಚದೆಯೇ ಕಡಗ ಹಿಮ್ಮಡಿ ದಾಟಿ ನನ್ನ ಕೈಗೆ ಬಂತು. ಒಂದೂವರೆ ವರ್ಷದವಳಿದ್ದಾಗ, ಮೊದಲಿನವು ಬಿಗಿಯಾದವೆಂದು ಬದಲಿಸಿ ತೊಡಿಸಿದ ಕಡಗ ಅದು. ಇಷ್ಟರಲ್ಲಿ ಬಿಗಿಯಾಗಿ, ಅಕ್ಕಸಾಲಿಗರ ಬಳಿ ದೊಡ್ಡದು ಮಾಡಿಸಬೇಕಿತ್ತು.

ಇನ್ನೊಂದು ಕಡಗವನ್ನೂ ಉಡದಾರವನ್ನೂ ತೆಗೆದ ಮೇಲೆ ಟೀಚರು ಅವಳನ್ನು ತೂಗಿದರು, ಬೆಳ್ಳಿಯನ್ನೂ ಬೇರೆಯಾಗಿ ತೂಗಿದರು. ಅರ್ಧ ಕಿಲೋಕ್ಕಿಂತ ತುಸು ಹೆಚ್ಚಿತ್ತು. ಆಮೇಲೆ ನನ್ನ ಕಾರ್ಡನ್ನು ಕವರಿನಿಂದ ತೆಗೆದು, ಅಷ್ಟು ತೂಕ ಕಳೆದು, ಹಿಂದಿನ ಒಂದೊಂದು ಚುಕ್ಕೆಯ ಕೆಳಗೂ ಪೆನ್ಸಿಲಿನಿಂದ ಇನ್ನೊಂದು ಚುಕ್ಕೆ ಇಡುತ್ತ ಹೋದರು. ಕಳೆದ ಆರೇಳು ತಿಂಗಳವು ತೂಕ ಕಡಿಮೆಯೆನ್ನುವ ಹಳದಿಯಲ್ಲಿ ಇಳಿಯುತ್ತ ಬಂದವು. ಆ ದಿನದ್ದು ಹಳದಿಯ ತಳಕ್ಕೆ ಬಂದು ನಿಂತಿತು.

"ಯಾವಾಗಿಂದ ಹಿಂಗ ಉಣವಲ್ಲದು?"

"ದೀಪಾವಳಿ ಮುಂದ ಭೇದಿ ಆಗಿತ್ರಿ, ಆವಾಗಿಂದ. ತಿಂಗಳಾ ಎರಡ ತಿಂಗಳಕ್ಕ ಮತ್ತ ಆಗತೈತಿ."

"ಮತ್ತ ಯಾಕ ಹೇಳಿಲ್ರಿ?"

"ಚುಕ್ಕಿ ಹಸಿರಿನ್ಯಾಗ ಇತ್ತಲ್ರಿ," ಎಂದೆ.

ಅದು ಪೂರ್ತಿ ನಿಜವಲ್ಲ. ಕಾನ್ವೆಂಟಿನಲ್ಲಿ ವರ್ಷಕ್ಕೊಮ್ಮೆ ತೂಗುವಾಗ ಸಿಸ್ಟರು ನಮ್ಮ ಬೂಟು ಬಿಚ್ಚಿಸುತ್ತಿದ್ದರು, ಕಂಪಾಸ್ ಬಾಕ್ಸು ಜೇಬಿನಲ್ಲಿದ್ದರೆ ಅದನ್ನೂ ತೆಗೆಸುತ್ತಿದ್ದರು. ಪ್ರತಿ ತಿಂಗಳು ಮಗಳನ್ನು ಜೋಳಿಗೆಗೆ ಇಳಿಸುವಾಗ ಅದು ನನಗೆ ನೆನಪಾಗುತ್ತಿತ್ತು. ಪ್ರತಿ ತಿಂಗಳೂ ಸುಮ್ಮನಿದ್ದೆ. ಅವಳ ಚಡ್ಡಿಯ ನಡು ಸಡಿಲಾದಾಗ ಎಲಾಸ್ಟಿಕ್ ಸರಿಯಿಲ್ಲವೆಂದು ಎರಡು ಸಲ ಹೊಲಿಗೆ ಹಾಕಿದ್ದೆ. ಒಂದು ಕೂಸು ಕಳೆದುಕೊಂಡವಳಿಗೆ ಆ ಹಸಿರು ಬೇಕಾಗಿತ್ತು, ಅಷ್ಟೇ.

"ನಾಳೆ ಮುಂಜಾನಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ," ಎಂದರು ಟೀಚರು, ದನಿ ತಗ್ಗಿಸಿ. "ಹದಿನೈದ ದಿನ ಕೂಸಿನ ಜೋಡಿ ಅಲ್ಲೇ ಇರಬೇಕಾಗಬಹುದು. ತಡಾ ಮಾಡಬ್ಯಾಡ್ರಿ."

ಸೆರಗಿನ ತುದಿಯಲ್ಲಿ ಬೆಳ್ಳಿ ಕಟ್ಟಿಕೊಂಡು, ಮಗಳನ್ನು ಎತ್ತಿಕೊಂಡು ಮನೆಗೆ ಬಂದೆ. ಅತ್ತೆಯ ಕಣ್ಣು ಮೊದಲು ಅವಳ ಬರಿಗಾಲಿಗೆ ಹೋಯಿತು. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. ಮೊಮ್ಮಗಳ ಪಾದವನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳು ತೋರುಬೆರಳಿನಿಂದ ಕಣಕಾಲನ್ನು ಸುತ್ತಿ ನೋಡಿದರು. ಬೆರಳುಗಳು ಒಂದರ ಮೇಲೊಂದು ಹಾಯ್ದವು.

"ಮತ್ತ ಹಾಕ್ಲೇನ್ರಿ?" ಎಂದೆ.

"ಬ್ಯಾಡ. ದವಾಖಾನ್ಯಾಗ ಮತ್ತ ತಗೀ ಅಂತಾರ." ಬೆಳ್ಳಿಯನ್ನು ದೇವರ ಜಗಲಿಯ ಮೇಲಿಟ್ಟರು.

ಸಂಜೆ ಪಡಸಾಲೆಯಲ್ಲಿ ಚೀಲ ತುಂಬುತ್ತಿದ್ದೆ. ಪಕ್ಕದ ಮನೆಯವಳು ಎರಡು ವರ್ಷದ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಅವಳಿಗೆ ಇದಾವುದೂ ಗೊತ್ತಿರಲಿಲ್ಲ. ಮಡಚಿದ ನಾಲ್ಕು ಫ್ರಾಕುಗಳನ್ನು ನನ್ನ ಮುಂದಿಟ್ಟು, ನಿಂತಲ್ಲೇ ಹೇಳಿದಳು:

"ನಮ್ಮಾಕಿಗೆ ಬಿಗಿ ಆಗ್ಯಾವ್ರಿ ಅಕ್ಕಾರ, ಇನ್ನೂ ಹೊಸಾವ ಅದಾವು. ನಿಮ್ಮಾಕಿಗೆ ಅಗದಿ ಬರೊಬ್ಬರಿ ಆಗ್ತಾವ, ಹಾಕ್ರಿ."